ಐದು ಪೈಸೆಯ ಚೀಟಿ ಮತ್ತು ನಿಕ್ಸನ್ ಸಾಹೇಬರು

ಮೊನ್ನೆ ಊರಿಗೆ ಹೋದಾಗ ಅಟ್ಟದ ಮೇಲಿನ ಹಳೇ ಟ್ರಂಕು ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಜಿರಳೆ, ತುಕ್ಕು, ಅಜ್ಜನ ಕಂದಾಯದ ರಸೀದಿಗಳು, ಅದರಡಿ ಒಂದು ಕಟ್ಟು ಕಾಗದ. ಅವುಗಳಲ್ಲಿ ಒಂದು ಲಕೋಟೆ ಶಿವಮೊಗ್ಗೆಯಿಂದ ಅಜ್ಜನ ತಮ್ಮ ಬರೆದದ್ದು, 1971ರ ಡಿಸೆಂಬರಿನದು. ಆಗಿನ್ನೂ ನಮ್ಮ ರಾಜ್ಯಕ್ಕೆ ಮೈಸೂರು ಅಂತಲೇ ಹೆಸರು. ಒಳಗೆ ಅಡಿಕೆ ಧಾರಣೆ, ಯಾರದೋ ಮದುವೆ ಮಾತುಕತೆ, ಒಂದು ಎಮ್ಮೆಯ ವಿಚಾರ. ಹೊರಗಡೆ ಎಂದಿನ ಅಂಚೆಚೀಟಿಯ ಪಕ್ಕದಲ್ಲಿ ಇನ್ನೊಂದು ಪುಟ್ಟ ಚೀಟಿ. ಕುಟುಂಬ ಯೋಜನೆಯ 5 ಪೈಸೆಯ ಚೀಟಿ, ಅದರ ಮೇಲೆ 'ರೆಫ್ಯೂಜಿ ರಿಲೀಫ್' ಅಂತ ಕಪ್ಪಕ್ಷರದಲ್ಲಿ ಅಚ್ಚು ಹೊಡೆದಿದ್ದಾರೆ.

ಅದೇನೆಂದು ನನಗೆ ಗೊತ್ತಿರಲಿಲ್ಲ. ಸೋದರಮಾವ ಹೇಳಿದರು. ಪೂರ್ವ ಪಾಕಿಸ್ತಾನದಿಂದ ಓಡಿಬಂದ ನಿರಾಶ್ರಿತರನ್ನು ಸಾಕಲು ಸರ್ಕಾರ 1971ರ ನವೆಂಬರ್ 15ರಿಂದ ಅಂಚೆಯ ಮೇಲೆ ಹಾಕಿದ ತೆರಿಗೆಯಂತೆ ಅದು. ಅಂದರೆ ಎಮ್ಮೆ ವಿಚಾರ ಬರೆದರೂ ಸರಿ, ಢಾಕಾದ ಹೆಸರಲ್ಲಿ ಐದು ಪೈಸೆ ಕೊಡಬೇಕು!

ಅಲ್ಲಿಂದ ಮಾತು ಎಲ್ಲಿಗೋ ಹೋಯಿತು. ಮಾವನವರಿಗೆ ರಿಚರ್ಡ್ ನಿಕ್ಸನ್ ಅಂದರೆ ಒಳಗೊಳಗೇ ಮೆಚ್ಚುಗೆ. "ಏನಾದ್ರೂ ಅನ್ನು ಮಾರಾಯ, ಚೀನಾದ ಬಾಗಿಲು ತೆಗೆದವ್ನು ಅವ್ನೇ. ರಾಜತಾಂತ್ರಿಕತೆ ಅಂದ್ರೆ ಅದು. ವಾಟರ್‌ಗೇಟ್ ಒಂದು ಇಲ್ದಿದ್ರೆ ಅವ್ನಂಥ ಅಧ್ಯಕ್ಷ ಇಲ್ಲ" ಅಂದರು. 2023ರ ನವೆಂಬರಿನಲ್ಲಿ ಹೆನ್ರಿ ಕಿಸಿಂಜರ್ ನೂರು ವರ್ಷ ಬದುಕಿ ತೀರಿಕೊಂಡಾಗಲೂ ಎಷ್ಟೋ ಪತ್ರಿಕೆಗಳಲ್ಲಿ ಹೆಚ್ಚೂಕಮ್ಮಿ ಇದೇ ಧಾಟಿ ಓದಿದ್ದೆ. ಬಾಂಗ್ಲಾದೇಶ ಒಂದು ಬೇಸರದ ಸಂಗತಿ, ಆದರೆ ಚೀನಾ ಎಂಬ ದೊಡ್ಡ ಲಾಭಕ್ಕೆ ತೆತ್ತ ಬೆಲೆ, ಎಂದು. ಆವತ್ತು ಮಾವನಿಗೆ ನೆಟ್ಟಗೆ ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಚುಟುಕಾಗಿ. 1970ರ ಡಿಸೆಂಬರಿನ ಚುನಾವಣೆಯಲ್ಲಿ ಶೇಖ್ ಮುಜಿಬುರ್ ರೆಹಮಾನರ ಅವಾಮಿ ಲೀಗ್ ಪೂರ್ವ ಪಾಕಿಸ್ತಾನದ 162 ಸ್ಥಾನಗಳಲ್ಲಿ 160 ಗೆದ್ದಿತು. ಇಡೀ ದೇಶದ 300 ಸ್ಥಾನಗಳಲ್ಲಿ ಅದೇ ಬಹುಮತ. ಜನರಲ್ ಯಾಹ್ಯಾ ಖಾನ್ ಅಧಿಕಾರ ಬಿಟ್ಟುಕೊಡಲಿಲ್ಲ. 1971ರ ಮಾರ್ಚ್ 25ರ ರಾತ್ರಿ ಸೈನ್ಯ ಢಾಕಾದ ಮೇಲೆ ಬಿತ್ತು. ಸತ್ತವರು ಎಷ್ಟು ಎಂಬುದಕ್ಕೆ ಮೂರು ಲಕ್ಷದಿಂದ ಮೂವತ್ತು ಲಕ್ಷದವರೆಗೆ ಲೆಕ್ಕಗಳಿವೆ. ಗಡಿ ದಾಟಿ ಭಾರತಕ್ಕೆ ಬಂದವರು ವರ್ಷದ ಕೊನೆಗೆ ಸುಮಾರು ಒಂದು ಕೋಟಿ.

ಆಗ ಢಾಕಾದಲ್ಲಿ ಅಮೆರಿಕದ ಕಾನ್ಸುಲ್ ಜನರಲ್ ಆಗಿದ್ದವರು ಆರ್ಚರ್ ಬ್ಲಡ್ ಎಂಬ ಅಧಿಕಾರಿ. ಕಣ್ಣಾರೆ ಕಂಡದ್ದನ್ನು ದಿನದಿನವೂ ವಾಷಿಂಗ್ಟನ್ನಿಗೆ ತಂತಿ ಮೂಲಕ ತಿಳಿಸಿದರು. ಉತ್ತರವೇ ಇಲ್ಲ. ಏಪ್ರಿಲ್ 6ರಂದು ಅಲ್ಲಿದ್ದ ಇಪ್ಪತ್ತು ಅಮೆರಿಕನ್ ಅಧಿಕಾರಿಗಳು ಸಹಿ ಹಾಕಿ, ನಮ್ಮ ಸರ್ಕಾರದ ನೀತಿ ನೈತಿಕವಾಗಿ ದಿವಾಳಿಯೆದ್ದಿದೆ ಎಂಬರ್ಥದ ತಂತಿ ಕಳಿಸಿದರು, ಬ್ಲಡ್ ಅದಕ್ಕೆ ತಮ್ಮ ಒಪ್ಪಿಗೆ ಸೇರಿಸಿದರು. ಸರ್ಕಾರಿ ನೌಕರಿಯಲ್ಲಿರುವವರಿಗೆ ಗೊತ್ತು, ಹೀಗೆ ಬರೆಯುವುದೆಂದರೆ ಏನೆಂದು. ಅವರನ್ನು ವಾಪಸು ಕರೆಸಿಕೊಂಡು ಸಿಬ್ಬಂದಿ ವಿಭಾಗದ ಕುರ್ಚಿಯೊಂದರಲ್ಲಿ ಕೂರಿಸಲಾಯಿತು. (ತಮಾಷೆಯೆಂದರೆ ಅದೇ ವರ್ಷ ಅಲ್ಲಿನ ವಿದೇಶಾಂಗ ಅಧಿಕಾರಿಗಳ ಸಂಘ ಭಿನ್ನಮತಕ್ಕೆಂದು ಅವರಿಗೊಂದು ಪ್ರಶಸ್ತಿಯನ್ನೂ ಕೊಟ್ಟಿತು!) ದೆಹಲಿಯಲ್ಲಿದ್ದ ರಾಯಭಾರಿ ಕೆನೆತ್ ಕೀಟಿಂಗ್ ಕೂಡ ಇದನ್ನೇ ಹೇಳಿದರು. ಅವರಂತೂ ನಿಕ್ಸನ್ನರದ್ದೇ ಪಕ್ಷದ ಮಾಜಿ ಸೆನೆಟರ್. ಆದ್ದರಿಂದ ಅಧ್ಯಕ್ಷರಿಗೆ ಸುದ್ದಿ ತಲುಪಿರಲಿಲ್ಲ ಅನ್ನುವ ಹಾಗಿಲ್ಲ. ತಮ್ಮದೇ ಜನ ಕಿವಿಯ ಹತ್ತಿರ ಬಂದು ಕೂಗಿದ್ದರು.

ಕೇಳಿಸಿದರೂ ಕೇಳಿಸದಂತೆ ಇದ್ದದ್ದು ಯಾಕೆ? ಇಲ್ಲಿ ಬರುತ್ತದೆ ಮಾವನ ಚೀನಾ. ಮಾವೋನ ಚೀನಾಕ್ಕೂ ಅಮೆರಿಕಕ್ಕೂ ಇಪ್ಪತ್ತು ವರ್ಷಗಳಿಂದ ಮಾತುಕತೆ ಇಲ್ಲದಂಥ ಸ್ಥಿತಿ. ನಿಕ್ಸನ್ ಗುಟ್ಟಾಗಿ ಪತ್ರ ಕಳಿಸಲು ಯಾಹ್ಯಾ ಖಾನರನ್ನು ಅಂಚೆಯಣ್ಣನನ್ನಾಗಿ ಮಾಡಿಕೊಂಡಿದ್ದರು. ಏಪ್ರಿಲ್ 27ರಂದು ಚೌ ಎನ್‌ಲಾಯ್ ಅವರ ಉತ್ತರ, ನಿಮ್ಮ ಪ್ರತಿನಿಧಿಯನ್ನು ಕಳಿಸಿ ಎಂಬುದು, ಪಾಕಿಸ್ತಾನದ ರಾಯಭಾರಿಯ ಕೈಯಿಂದಲೇ ಶ್ವೇತಭವನಕ್ಕೆ ಬಂತು. ಅದಾದ ಕೆಲವೇ ದಿನಕ್ಕೆ, ಪಾಕಿಸ್ತಾನದ ಬಗ್ಗೆ ಏನು ಮಾಡೋಣ ಎಂದು ಕಿಸಿಂಜರ್ ಇಟ್ಟ ಟಿಪ್ಪಣಿಯ ಮೇಲೆ ನಿಕ್ಸನ್ ಕೈಬರಹದಲ್ಲಿ ಬರೆದರು: ಸದ್ಯಕ್ಕೆ ಯಾಹ್ಯಾನನ್ನು ಒತ್ತಾಯಿಸಬೇಡಿ. 'ಬೇಡಿ' ಎಂಬುದರ ಕೆಳಗೆ ಮೂರು ಗೆರೆ.

ಜುಲೈ 9ರಂದು ಕಿಸಿಂಜರ್ ಪಾಕಿಸ್ತಾನದಲ್ಲಿ ಹೊಟ್ಟೆನೋವಿನ ನೆವ ಹೇಳಿ (ಶಾಲೆಗೆ ಚಕ್ಕರ್ ಹೊಡೆಯುವ ಹುಡುಗರ ನೆವವೇ!) ಬೀಜಿಂಗಿಗೆ ಹಾರಿದರು. 11ಕ್ಕೆ ವಾಪಸು. 15ರಂದು ನಿಕ್ಸನ್ ಟೀವಿಯಲ್ಲಿ ಜಗತ್ತಿಗೆ ಹೇಳಿದರು. ಅದೇ ವಾರ ಬಾಲ್ಟಿಮೋರ್ ಬಂದರಿನಲ್ಲಿ ಸಾಧಾರಣ ಅಮೆರಿಕನ್ನರು ಕೆಲವರು ಸಣ್ಣ ಸಣ್ಣ ದೋಣಿಗಳಲ್ಲಿ ಹೋಗಿ, ಸರಕು ತುಂಬಲು ಬಂದ ಪಾಕಿಸ್ತಾನದ 'ಪದ್ಮಾ' ಹಡಗಿಗೆ ಅಡ್ಡ ನಿಂತು ಬಂಧನಕ್ಕೊಳಗಾದರು. ಅವರ ಬಗ್ಗೆ ಟೀವಿಯಲ್ಲಿ ಅಧ್ಯಕ್ಷರು ಏನೂ ಹೇಳಲಿಲ್ಲ ಅನ್ನಿ.

ಸರಿ, ಮಾವನ ವಾದವನ್ನು ಒಪ್ಪಿಕೊಂಡೇ ಲೆಕ್ಕ ಹಾಕೋಣ. ಅಂಚೆಯಣ್ಣ ಬೇಕಿತ್ತು, ಆದ್ದರಿಂದ ಅವನು ಮನೆಯೊಳಗೆ ಏನು ಮಾಡಿದರೂ ಬಾಯಿ ಮುಚ್ಚಿಕೊಂಡಿದ್ದರು. ರೊಮೇನಿಯಾದ ಚೌಷೆಸ್ಕು ಮೂಲಕವೂ ಒಂದು ದಾರಿ ಇತ್ತು, ನಿಕ್ಸನ್ ಅದನ್ನೂ ಬಳಸಿ ನೋಡಿದ್ದರು. ಅದನ್ನೂ ಬಿಡೋಣ, ಚೀನೀಯರಿಗೆ ಪಾಕಿಸ್ತಾನದ ದಾರಿಯೇ ಹೆಚ್ಚು ನಂಬಿಕೆಯದು ಎಂದಿಟ್ಟುಕೊಳ್ಳೋಣ. ಆದರೆ ಪತ್ರ ತಲುಪಿದ ಮೇಲೆ ಅಂಚೆಯಣ್ಣನ ಹಂಗು ಯಾಕೆ? ಜುಲೈ 11ರ ನಂತರ ಅಮೆರಿಕಕ್ಕೂ ಚೀನಾಕ್ಕೂ ಪ್ಯಾರಿಸ್ಸಿನಲ್ಲಿ ನೇರ ಸಂಪರ್ಕ ಏರ್ಪಟ್ಟಿತು. ಅಲ್ಲಿನ ಚೀನೀ ರಾಯಭಾರಿಯ ಜತೆ ಜನರಲ್ ವರ್ನನ್ ವಾಲ್ಟರ್ಸ್ ಮಾತಾಡುತ್ತಿದ್ದರು. ಅಕ್ಟೋಬರಿನಲ್ಲಿ ಕಿಸಿಂಜರ್ ಎರಡನೇ ಸಲ ಬೀಜಿಂಗಿಗೆ ಹೋದದ್ದು ಬಹಿರಂಗವಾಗಿಯೇ, ಹೊಟ್ಟೆನೋವಿಲ್ಲದೆ. ಅಂದರೆ 'ಚೀನಾಕ್ಕಾಗಿ' ಎಂಬ ಕಾರಣದ ಅವಧಿ ಜುಲೈಗೇ ಮುಗಿದಿತ್ತು. ನಿಕ್ಸನ್ ಯಾಹ್ಯಾನನ್ನು ಒತ್ತಾಯಿಸಲು ಆಮೇಲೂ ಐದು ತಿಂಗಳು ಬಾಕಿ ಇತ್ತು. ನಿರಾಶ್ರಿತರು ಬರುತ್ತಲೇ ಇದ್ದರು. ಆ ಐದು ತಿಂಗಳಲ್ಲಿ ಪಕ್ಷಪಾತ ಕಡಿಮೆಯಾಗುವ ಬದಲು ಜಾಸ್ತಿ ಆಯಿತಲ್ಲ, ನನಗೆ ಅರಗದೇ ಇರುವುದು ಅದು.

ಕಾರಣ ಏನಿರಬಹುದು ಅಂದರೆ, ನನಗನ್ನಿಸುವುದು ಬರೀ ಮನಸ್ಸಿನ ಕಹಿ. ನಿಕ್ಸನ್ನರಿಗೆ ಯಾಹ್ಯಾ ಎಂದರೆ ಇಷ್ಟ, ಇಂದಿರಾ ಗಾಂಧಿ ಎಂದರೆ ಆಗದು. ನವೆಂಬರ್ 4 ಮತ್ತು 5ರಂದು ಇಂದಿರಾ ವಾಷಿಂಗ್ಟನ್ನಿನಲ್ಲಿ ಅವರನ್ನು ಕಂಡರು. ಆ ದಿನಗಳಲ್ಲಿ ನಿಕ್ಸನ್ ಮತ್ತು ಕಿಸಿಂಜರ್ ಅವರ ಬಗ್ಗೆ ಆಡಿಕೊಂಡ ಮಾತುಗಳು ಶ್ವೇತಭವನದ ಟೇಪಿನಲ್ಲೇ ದಾಖಲಾಗಿವೆ. 2005ರಲ್ಲಿ ಅವು ಹೊರಬಂದಾಗ ಕಿಸಿಂಜರ್ ವಿಷಾದ ವ್ಯಕ್ತಪಡಿಸಬೇಕಾಯಿತು. ಮನೆಮಂದಿ ಓದುವ ಬ್ಲಾಗಿನಲ್ಲಿ ಅವನ್ನು ಬರೆಯಲಾರೆ. ಒಬ್ಬ ಅಧ್ಯಕ್ಷನಿಗೆ ಇನ್ನೊಂದು ದೇಶದ ನಾಯಕಿ ಇಷ್ಟವಾಗಬೇಕಿಲ್ಲ. ಆದರೆ ಒಂದು ಕೋಟಿ ಜನ ಗಡಿ ದಾಟಿ ಬಂದ ಮೇಲೆ ಆ ದೇಶ ಏನು ಮಾಡೀತು ಎಂಬ ಅಂದಾಜು ಇರಬೇಕಿತ್ತು.

ಅಂದಾಜು ತಪ್ಪಿದ್ದಕ್ಕೆ ಸಾಕ್ಷಿ ಆಗಸ್ಟಿನಲ್ಲೇ ಸಿಕ್ಕಿತ್ತು. ಅಮೆರಿಕ, ಚೀನಾ, ಪಾಕಿಸ್ತಾನ ಮೂವರೂ ಒಂದು ಕಡೆ ಎಂದು ಕಂಡ ಭಾರತ ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ರಷ್ಯಾದ ಪ್ರಭಾವ ಕಡಿಮೆ ಮಾಡಲು ಹೊರಟ ಅಧ್ಯಕ್ಷ ಭಾರತವನ್ನು ತಾನೇ ರಷ್ಯಾದ ಮಡಿಲಿಗೆ ತಳ್ಳಿದ ಹಾಗಾಯಿತು. ಚದುರಂಗದಲ್ಲಿ ಇದಕ್ಕೆ ಜಾಣತನ ಅನ್ನುತ್ತಾರಾ?

ಡಿಸೆಂಬರ್ 3ರಂದು ಪಾಕಿಸ್ತಾನ ನಮ್ಮ ವಾಯುನೆಲೆಗಳ ಮೇಲೆ ಬಾಂಬು ಹಾಕಿ ಯುದ್ಧ ಘೋಷಣೆಯಾದ ಮೇಲಿನದ್ದಂತೂ ಓದಿದರೆ ಮೈ ನಡುಗುತ್ತದೆ. ಕಾನೂನಿಗೆ ವಿರುದ್ಧ ಎಂದು ಸ್ವಂತ ಇಲಾಖೆಗಳೇ ಹೇಳಿದರೂ ಜೋರ್ಡಾನಿನಿಂದ ಅಮೆರಿಕನ್ ಯುದ್ಧವಿಮಾನಗಳು ಪಾಕಿಸ್ತಾನಕ್ಕೆ ಹೋಗಲು ಬಿಟ್ಟರು. ಡಿಸೆಂಬರ್ 10ರಂದು ನ್ಯೂಯಾರ್ಕಿನಲ್ಲಿ ಕಿಸಿಂಜರ್ ಚೀನಾದ ರಾಯಭಾರಿ ಹುವಾಂಗ್ ಹುವಾ ಅವರನ್ನು ಗುಟ್ಟಾಗಿ ಕಂಡು, ನೀವು ಭಾರತದ ಗಡಿಯಲ್ಲಿ ಸೈನ್ಯ ಚಲಿಸಿದರೆ ನಾವು ಬೆಂಬಲಕ್ಕಿದ್ದೇವೆ ಎಂಬ ಸೂಚನೆ ಕೊಟ್ಟರು. ರಷ್ಯಾ ಅಡ್ಡ ಬಂದರೆ? ಬರಲಿ ನೋಡೋಣ ಎಂಬಲ್ಲಿಗೆ ಇಬ್ಬರೂ ಮಾತಾಡಿಕೊಂಡಿದ್ದಾರೆ. ಮೂರು ಅಣ್ವಸ್ತ್ರ ದೇಶಗಳು! ಚೀನಾ ಜಾಣ, ಕದಲಲಿಲ್ಲ. 'ಎಂಟರ್‌ಪ್ರೈಸ್' ಎಂಬ ಅಣುಶಕ್ತಿಯ ವಿಮಾನವಾಹಕ ನೌಕೆ ಬಂಗಾಳ ಕೊಲ್ಲಿಯತ್ತ ಹೊರಟಿತು. ಢಾಕಾದಲ್ಲಿರುವ ಅಮೆರಿಕನ್ನರನ್ನು ಕರೆತರಲು ಎಂಬುದು ನೆಪ, ಅಲ್ಲಿನ ವಿದೇಶಿಯರನ್ನು ಬ್ರಿಟಿಷ್ ವಿಮಾನಗಳು 12ರಂದೇ ಸಾಗಿಸಿದ್ದವು. 16ರಂದು ಢಾಕಾದ ರೇಸ್‌ಕೋರ್ಸಿನಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ಸೆರೆಯಾದವರು ಸುಮಾರು 93,000. ನೌಕೆ ಬಂದ ದಾರಿಗೆ ಸುಂಕವಿಲ್ಲ.

ನಾನು ಪಕ್ಷಪಾತಿ ಅನ್ನಬೇಡಿ, ಇನ್ನೊಂದು ಕಡೆಯದ್ದೂ ಹೇಳಿಬಿಡುತ್ತೇನೆ. ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಯುದ್ಧ ನಿಲ್ಲಿಸಿ, ಸೈನ್ಯ ಹಿಂತೆಗೆಯಿರಿ ಎಂಬ ಠರಾವಿನ ಪರ 104 ದೇಶಗಳು, ವಿರೋಧ ಬರೀ 11. ಜಗತ್ತು ಆವತ್ತು ನಮ್ಮ ಕಡೆ ಇರಲಿಲ್ಲ. ಮುಕ್ತಿಬಾಹಿನಿಗೆ ತರಬೇತಿ ಕೊಟ್ಟು, ಡಿಸೆಂಬರಿಗೂ ಮೊದಲೇ ಗಡಿಯಾಚೆ ಕಾಲಿಟ್ಟಿದ್ದ ನಾವೇನು ಸನ್ಯಾಸಿಗಳಾಗಿರಲಿಲ್ಲ. ನಿರಾಶ್ರಿತರಿಗೆ ಅಮೆರಿಕ ಕೊಟ್ಟ ನೆರವೂ ಸಣ್ಣದಲ್ಲ. ಭಾರತ ಪಶ್ಚಿಮ ಪಾಕಿಸ್ತಾನವನ್ನೂ ಮುರಿಯಲು ಹೊರಟಿತ್ತು, ನಾವು ತಡೆದೆವು ಎಂದು ನಿಕ್ಸನ್ ಮತ್ತು ಕಿಸಿಂಜರ್ ಕೊನೆತನಕ ಹೇಳಿಕೊಂಡರು. ದೆಹಲಿಯ ಸಂಪುಟದೊಳಗಿಂದ ಸಿಐಎಗೆ ಬಂದ ಸುದ್ದಿಯೊಂದು ಅವರ ಆಧಾರ. ಢಾಕಾ ಬಿದ್ದ ಮರುದಿನವೇ ಪಶ್ಚಿಮದಲ್ಲೂ ಕದನವಿರಾಮವಾಯಿತಲ್ಲ, ಅದು ನಮ್ಮ ನೌಕೆಯ ಪ್ರತಾಪ ಎಂದು ಅವರೆಂದರೆ, ನಮ್ಮವರು ನಮಗೆ ಅಷ್ಟೇ ಬೇಕಿತ್ತು ಎನ್ನುತ್ತಾರೆ. ನನಗೆ ನಮ್ಮವರ ಮಾತೇ ಸರಿ ಎನಿಸುತ್ತದೆ, ನಮ್ಮವರು ಎಂಬ ಕಾರಣಕ್ಕೂ ಇರಬಹುದು :)

ಆದರೆ 104 ದೇಶ ಕೈಯೆತ್ತಿದ ಆ ದಿನ ಬರುವ ಮೊದಲು ಎಂಟು ತಿಂಗಳು ಇತ್ತು. ಯಾಹ್ಯಾಗೆ ಹಣ, ಆಯುಧ, ಮರ್ಯಾದೆ ಮೂರನ್ನೂ ಕೊಡುತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಫೋನೆತ್ತಿ ಗಟ್ಟಿಯಾಗಿ ಎರಡು ಮಾತು ಹೇಳಿದ್ದರೆ? ಯಾಹ್ಯಾ ಕೇಳುತ್ತಿದ್ದನೋ ಇಲ್ಲವೋ. ಹೇಳಿ ನೋಡಲೇ ಇಲ್ಲವಲ್ಲ.

ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರಿನ ಕಡೆ ಹೋದರೆ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿಗಳ ಕ್ಯಾಂಪುಗಳಿವೆ. ತುಂಗಭದ್ರೆಯ ನೀರಲ್ಲಿ ಭತ್ತ ಬೆಳೆದು, ಬಂಗಾಳಿ ಮಾತಾಡಿಕೊಂಡು ಇದ್ದಾರೆ. ನಿಕ್ಸನ್ ದೊಡ್ಡ ರಾಜತಾಂತ್ರಿಕ ಎನ್ನುವವರು ಅಲ್ಲೊಂದು ಚಹಾ ಕುಡಿದು ಬಂದರೆ ಒಳ್ಳೆಯದು. ಮಾವನನ್ನೂ ಕರೆದುಕೊಂಡು ಹೋಗಬೇಕು.

ಇಷ್ಟೆಲ್ಲ ಬರೆದು, ಮಾವನಿಗೆ ಫೋನಿನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಜುಲೈ 11ರ ವಿಷಯವನ್ನು ಮಾತ್ರ ಎರಡು ಸಲ ಓದಿಸಿದರು. ಆಮೇಲೆ "ಆ ಚೀಟಿ ನೀರಲ್ಲಿ ನೆನೆಸಿ ಬಿಡಿಸ್ಕೊಡು, ಮೊಮ್ಮಗನ ಆಲ್ಬಮ್ಮಿಗೆ ಬೇಕು" ಅಂದರು. ಬಿಡಿಸಲ್ಲ ಮಾವ, ಲಕೋಟೆ ಸಮೇತ ಕೊಡ್ತೀನಿ ಅಂದೆ. ನಿಮ್ಮಲ್ಲಿ ಯಾರ ಮನೆಯ ಟ್ರಂಕಿನಲ್ಲಾದರೂ ಇಂಥದ್ದು ಸಿಕ್ಕರೆ, ಯಾವ ಊರಿನ ಮುದ್ರೆ ಇದೆ ಅಂತ ಒಂದು ಸಾಲು ಕಮೆಂಟಿಸಿ.