ಬಲಮುರಿ ಶಂಖಕ್ಕೂ ಕೆವೈಸಿ ಬೇಕು!

ಅಲ್ಲಾ ಸ್ವಾಮಿ, ಹತ್ತು ರೂಪಾಯಿ ಕೊತ್ತಂಬರಿ ಸೊಪ್ಪನ್ನು ಕಟ್ಟು ಬಿಚ್ಚಿ ನೋಡಿ ಕೊಳ್ಳುವ ನಾವು, ಸಾವಿರಾರು ರೂಪಾಯಿ ಶಂಖದ ಮುಂದೆ ಮಾತ್ರ ಯಾಕೆ ಕಣ್ಣು ಮುಚ್ಚಿ ಕೈ ಮುಗಿಯುತ್ತೇವೆ?

ಬಲಮುರಿ ಶಂಖದ ವ್ಯಾಪಾರದ ಬಗ್ಗೆ ಹೇಳುತ್ತಿದ್ದೇನೆ. ಇಲ್ಲಿ ಚೆನ್ನೈನಲ್ಲಿ ಇದು ವಲಂಪುರಿ, ಉತ್ತರದವರಿಗೆ ದಕ್ಷಿಣಾವರ್ತಿ. ನಮ್ಮ ಬ್ಯಾಂಕಿಗೆ ಬರುವ ಪೆನ್ಷನ್‌ದಾರರೊಬ್ಬರು ಎಫ್.ಡಿ. ಮುರಿಸಿ ಒಂದನ್ನು ತಂದರು. ಇಷ್ಟು ಅಪರೂಪದ್ದು ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಹೇಗಿದೆ ಅಂತ ಅವರೂ ಕೇಳಲಿಲ್ಲ, ಅಂಗಡಿಯವನೂ ಹೇಳಲಿಲ್ಲ.

ನಾನು ಹೇಳುತ್ತೇನೆ ಕೇಳಿ. ನಮ್ಮ ಪೂಜೆಯ ಶಂಖ ಟರ್ಬಿನೆಲ್ಲಾ ಪೈರಂ ಎಂಬ ಕಡಲಜೀವಿಯ ಚಿಪ್ಪು. ರಾಮೇಶ್ವರ, ತೂತ್ತುಕುಡಿ ಕಡೆ ಸಿಗುತ್ತದೆ. ಬಂಗಾಳಿ ಮುತ್ತೈದೆಯರ ಬಿಳಿ ಬಳೆ ಮಾಡುವುದೂ ಇದರಿಂದಲೇ. ಕೊಳವೆಯಂಥ ನೀಳ ತುದಿಯನ್ನು ಮೇಲೆ ಮಾಡಿ, ಬಾಯಿ ನಮ್ಮ ಕಡೆ ಬರುವಂತೆ ಹಿಡಿದರೆ ಸಾಮಾನ್ಯ ಶಂಖದ ಬಾಯಿ ಎಡಕ್ಕಿರುತ್ತದೆ. ಬಲಕ್ಕಿದ್ದರೆ ಬಲಮುರಿ. ಅದು ನಿಜಕ್ಕೂ ತೀರಾ ಅಪರೂಪ.

ಆದರೆ ಅಮೆರಿಕದ ಅಟ್ಲಾಂಟಿಕ್ ಕರಾವಳಿ, ಮೆಕ್ಸಿಕೋ ಕೊಲ್ಲಿಗಳಲ್ಲಿ ಲೈಟ್ನಿಂಗ್ ವೆಲ್ಕ್ ಅನ್ನುವ ಬೇರೆಯೇ ಜೀವಿ ಇದೆ. ಅದರ ಬಾಯಿ ಹುಟ್ಟಾ ಬಲಕ್ಕೇ! ಟೆಕ್ಸಾಸ್ 1987ರಲ್ಲಿ ಅದನ್ನು ತನ್ನ ರಾಜ್ಯದ ಚಿಪ್ಪು ಅಂತ ಘೋಷಿಸಿಕೊಂಡಿದೆ. ಅದರ ಕಂದು ಪಟ್ಟೆ ಅಳಿಸಿ ಪಾಲಿಶ್ ಹಾಕಿದರೆ ಆಯಿತು, ಬಲಮುರಿ ರೆಡಿ.

ಪತ್ತೆ ಹಚ್ಚುವುದು ಕಷ್ಟವಲ್ಲ. ಶಂಖದ ಬಾಯೊಳಗೆ ಟಾರ್ಚ್ ಬಿಡಿ. ನಡುಗಂಬದ ಮೇಲೆ ಮಡಿಕೆಯಂಥ ಮೂರು ನಾಲ್ಕು ಉಬ್ಬುಗೆರೆ ಕಾಣಬೇಕು. ಕಂಬ ನುಣ್ಣಗಿದ್ದರೆ ಅದು ನಮ್ಮ ಶಂಖವಲ್ಲ, ವೆಲ್ಕ್. ನಮ್ಮದರ ಗೋಡೆ ದಪ್ಪ, ಕೈಗೆ ಭಾರ. ಉಬ್ಬುಗೆರೆಯೂ ಇರಬೇಕು, ಬಾಯಿಯೂ ಬಲಕ್ಕಿರಬೇಕು. ಒಂದಿದ್ದರೆ ಸಾಲದು.

ಅಂಗಡಿಯವನ ಪರೀಕ್ಷೆಯೇ ಬೇರೆ. ಕಿವಿಗಿಟ್ಟರೆ ಓಂಕಾರ ಕೇಳುತ್ತದಂತೆ. ನಿಮ್ಮ ಮನೆಯ ಸ್ಟೀಲ್ ಲೋಟವನ್ನೂ ಕಿವಿಗಿಟ್ಟು ನೋಡಿ! ಸುತ್ತಲಿನ ಸದ್ದೇ ಪೊಳ್ಳಿನಲ್ಲಿ ಮೊಳಗುವುದು, ಅಷ್ಟೆ. ಇನ್ನು ಆ ‘ನೈಸರ್ಗಿಕ ಚಿಪ್ಪು’ ಅನ್ನುವ ಸರ್ಟಿಫಿಕೇಟು. ಸುಳ್ಳಲ್ಲ, ವೆಲ್ಕ್ ಕೂಡ ನೈಸರ್ಗಿಕವೇ. ಆದರೆ ಖಾತೆ ತೆರೆಯಲು ಬಂದವರು ‘ನಾನು ಮನುಷ್ಯ’ ಅಂತ ಚೀಟಿ ಕೊಟ್ಟರೆ ನಾವು ಒಪ್ಪುತ್ತೇವೆಯೇ? ಹೆಸರು ಬೇಡವೇ?

‘ನಂಬಿಕೆಯ ವಿಷಯ, ಬಿಟ್ಟುಬಿಡಿ ಸಾರ್’ ಅನ್ನುವವರಿದ್ದಾರೆ. ನಂಬಿಕೆ ದೇವರ ಮೇಲಿರಲಿ, ಬಿಲ್ಲಿನ ಮೇಲೆ ಬೇಡ. ಪೂಜೆಗೆ ಸಾಮಾನ್ಯ ಶಂಖ ಏನು ಕಡಿಮೆ? ಬಲಮುರಿಯೇ ಬೇಕೆಂದರೆ ಬಿಲ್ಲಿನಲ್ಲಿ ‘ಟರ್ಬಿನೆಲ್ಲಾ ಪೈರಂ, ಬಲಮುರಿ’ ಅಂತ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಉತ್ತರ ಸಿಕ್ಕಿತು ಅಂತಲೇ ಅರ್ಥ.

ನಿಮ್ಮ ದೇವರ ಮನೆಯಲ್ಲೂ ಒಂದಿದ್ದರೆ ಇವತ್ತೇ ಟಾರ್ಚ್ ಹಾಕಿ ನೋಡಿ. ಗೆರೆ ಎಷ್ಟಿವೆ ಅಂತ ನನಗೂ ತಿಳಿಸಿ.