ನಾಲ್ಕು ತುಂಡು ಕಳೆದರೆ ಸೆಟ್ಟೇ ಗುಜರಿಗೇಕೆ?



ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ನೆಂಟರು ಮನೆ ಬದಲಾಯಿಸುವಾಗ ಮಕ್ಕಳ ಹಳೆಯ ಲೆಗೋ ಸೆಟ್ಟನ್ನು ಚೀಲಕ್ಕೆ ತುಂಬಿ ನಮ್ಮೂರಿಗೆ ಕಳಿಸುವುದುಂಟು. ಹೊಸದಕ್ಕೆ ಸಾವಿರಗಟ್ಟಲೆ ಬೆಲೆ. ಆದರೆ ಅರ್ಧ ಕಟ್ಟಿದ ಮೇಲೆ ಒಂದು ತುಂಡು ಸಿಗದಿದ್ದರೆ ಮಗುವಿನ ಮುಖ ಬಾಡುತ್ತದೆ. ನಾವೂ ಬೇಸತ್ತು "ಗುಜರಿಗೆ ಹಾಕು" ಅಂದುಬಿಡ್ತೀವಿ. ಸ್ವಲ್ಪ ತಾಳಿ.

ಈ ಇಟ್ಟಿಗೆಗಳು ಒಂದಕ್ಕೊಂದು ಕಚ್ಚಿಕೊಳ್ಳುವ ವಿಧಾನಕ್ಕೆ ಡೆನ್ಮಾರ್ಕಿನ ಕಂಪನಿ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ. ಅಂದಿನ ಇಟ್ಟಿಗೆ ಇಂದಿನದಕ್ಕೂ ಕೂಡುತ್ತದೆ. ಹಾಗಾಗಿ ಬೇರೆ ಸೆಟ್ಟಿನ ತುಂಡೂ ನಿಮಗೆ ಉಪಯೋಗಕ್ಕೆ ಬಂದೀತು.

ಮೊದಲು ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಕುದಿಯುವ ನೀರಿಗೆ ಸೊಟ್ಟಗಾಗುತ್ತವೆ. ಆಮೇಲೆ ಮೊರದಲ್ಲಿ ಹರಡಿ, ಅಕ್ಕಿ ಆರಿಸುವ ಹಾಗೆ ಆಕಾರ ನೋಡಿ ವಿಂಗಡಿಸಿ. ಬಣ್ಣ ನೋಡಿ ಬೇಡ. ಒಂದೇ ಬಣ್ಣದ ರಾಶಿಯಲ್ಲಿ ಸಣ್ಣ ತುಂಡು ಕಣ್ಣಿಗೇ ಬೀಳೋದಿಲ್ಲ.

ಸೆಟ್ಟಿನ ನಂಬರನ್ನು ಕೊಟ್ಟವರಿಂದ ಕೇಳಿ ಬರೆದುಕೊಳ್ಳಿ. ಕಟ್ಟುವ ಕ್ರಮದ ಪುಸ್ತಕ ಕಳೆದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ ನೋಡಿ, ದುಡ್ಡಿಲ್ಲದೆ ಸಿಗುತ್ತದೆ. ಈಚಿನ ಪುಸ್ತಕಗಳ ಕೊನೆಯಲ್ಲಿ ಯಾವ ತುಂಡು ಎಷ್ಟು ಎಂಬ ಪಟ್ಟಿ ಇರುತ್ತದೆ. ಇರುವುದಕ್ಕೆ ಗುರುತು ಹಾಕಿದರೆ ಇಲ್ಲದ್ದು ತಾನಾಗಿ ಉಳಿಯುತ್ತದೆ. ತುಂಡಿನ ಮೇಲಿನ ಸಣ್ಣ ಅಚ್ಚಿನ ನಂಬರ್ ಆಕಾರವನ್ನಷ್ಟೇ ಹೇಳುತ್ತದೆ. ಎಂಟು ಗುಂಡಿಯ ಇಟ್ಟಿಗೆಗೆ 3001. ಪಟ್ಟಿಯ ಉದ್ದ ನಂಬರಿನಲ್ಲಿ ಬಣ್ಣವೂ ಸೇರಿದೆ.

ಎಲ್ಲವನ್ನೂ ಕೊಳ್ಳಬೇಕಿಲ್ಲ. ಎಂಟು ಗುಂಡಿಯದರ ಬದಲು ನಾಲ್ಕು ಗುಂಡಿಯವು ಎರಡು ಇಡಿ. ಚಪ್ಪಟೆ ತುಂಡು ಮೂರು ಪೇರಿಸಿದರೆ ಒಂದು ಇಟ್ಟಿಗೆಯ ಎತ್ತರ. ಒಳಗೆ ಮರೆಯಾಗುವ ಕಡೆ ಯಾವ ಬಣ್ಣವಾದರೇನು?

ಉಳಿದದ್ದನ್ನು ನೆರೆಹೊರೆಯ ಮಕ್ಕಳ ಜೊತೆ ಬದಲಾಯಿಸಿಕೊಳ್ಳಿ. ಪೀಣ್ಯದಲ್ಲಿ ಪ್ಲಾಸ್ಟಿಕ್ ಅಚ್ಚಿನ ಕಾರ್ಖಾನೆಗಳು ಇವೆಯಲ್ಲ ಅಂತೀರಾ? ಉಕ್ಕಿನ ಅಚ್ಚಿನ ಖರ್ಚು ಹುಟ್ಟಬೇಕಾದರೆ ಸಾವಿರಾರು ತುಂಡು ತೆಗೆಯಬೇಕು. ಒಂದೇ ಇಟ್ಟಿಗೆಗೆ ಅದು ಗಿಟ್ಟದು. ಬಿಡಿ ತುಂಡು ಮಾರುವ ಬ್ರಿಕ್‌ಲಿಂಕ್ ಎಂಬ ಇಂಟರ್‌ನೆಟ್ ಮಾರುಕಟ್ಟೆ 2000ದಿಂದ ಇದೆ. ಹೊರದೇಶದಿಂದಾದರೆ ಅಂಚೆ, ಸುಂಕ ತುಂಡಿನ ಬೆಲೆಯನ್ನೇ ಮೀರಬಹುದು. ಲೆಕ್ಕ ಹಾಕಿ, ಬೇಕಾದದ್ದನ್ನೆಲ್ಲ ಒಂದೇ ಸಲ ತರಿಸಿ.

ಮೂರು ವರ್ಷ ತುಂಬದ ಕೂಸಿಗೆ ಮಾತ್ರ ಇವು ಸಿಗಕೂಡದು, ಗಂಟಲಲ್ಲಿ ಸಿಕ್ಕಿಕೊಂಡಾವು. ದೊಡ್ಡ ಮಕ್ಕಳ ಕೈಗೆ ಪಟ್ಟಿ, ಪೆನ್ಸಿಲ್ ಕೊಡಿ. ಎಣಿಸುವುದು, ಹುಡುಕುವುದು, ಇದ್ದುದರಲ್ಲೇ ಹೊಂದಿಸಿಕೊಳ್ಳುವುದು, ಮೂರನ್ನೂ ಆಡುತ್ತಲೇ ಕಲಿತಾರು.