ಗುಂಡ್ಲುಪೇಟೆ ಬಿಸಿಲಿಗೆ ಎರಡು ಪದರದ ಕಿಟಕಿ ಯಾಕೆ?

ನಮ್ಮ ಗ್ಯಾಂಗಿನಲ್ಲಿ ಒಬ್ಬನ ಊರು ಗುಂಡ್ಲುಪೇಟೆ ಪಕ್ಕದ ಹಳ್ಳಿ. ಅವನ ಚಿಕ್ಕಪ್ಪ ಹಳೇ ಟೆಂಪೋ ಟ್ರಾವೆಲರ್ ಒಂದನ್ನ ತಗೊಂಡು ಕ್ಯಾರವಾನ್ ಮಾಡೋಕೆ ಹೊರಟಿದ್ದಾರೆ. ಊಟಿ, ವಯನಾಡು, ಬಿ.ಆರ್. ಹಿಲ್ಸ್ ಕಡೆ ಹೋಗೋ ಫ್ಯಾಮಿಲಿಗಳಿಗೆ ಬಾಡಿಗೆಗೆ ಕೊಡೋ ಪ್ಲಾನು. ಎರಡು ಹಾಸಿಗೆ, ಸಣ್ಣ ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಎಲ್ಲಾ ಬರೆದಿಟ್ಟಿದ್ದಾರೆ. ಅದಕ್ಕೆ ಸಾಲಾನೂ ಮಾಡಿದ್ದಾರೆ. ಬಾಡಿ ಕಟ್ಟೋ ವರ್ಕ್‌ಶಾಪಿನವರು ಕೊಟ್ಟ ಪಟ್ಟಿಯಲ್ಲಿ ಒಂದು ಸಾಲು ಮಾತ್ರ ಅವರ ನಿದ್ದೆ ಕೆಡಿಸಿತ್ತು: ಡಬಲ್ ಗ್ಲೇಜ್ಡ್ ಕಿಟಕಿ, ನಾಲ್ಕು. ಆ ಒಂದು ಸಾಲಿನ ದುಡ್ಡಲ್ಲಿ ಒಂದು ಒಳ್ಳೇ ಸೆಕೆಂಡ್ ಹ್ಯಾಂಡ್ ಬೈಕ್ ಬರುತ್ತೆ.

"ಇಂಜಿನಿಯರಿಂಗ್ ಓದ್ತಾ ಇದ್ದೀರಲ್ಲ, ಒಸಿ ಲೆಕ್ಕ ಹಾಕ್ಬುಟ್ಟು ಹೇಳ್ರಪ್ಪ" ಅಂದ್ರು ಚಿಕ್ಕಪ್ಪ.

ನಿಜ ಹೇಳ್ಬೇಕು ಅಂದ್ರೆ ನಮಗೆ ಹೀಟ್ ಟ್ರಾನ್ಸ್‌ಫರ್ ಬರೋದು ಮುಂದಿನ ವರ್ಷ. ಆದ್ರೆ ಅವರ ಮುಂದೆ ಹಾಗೆ ಹೇಳೋಕೆ ನಾಚಿಕೆ ಆಯ್ತು. ಹಾಸ್ಟೆಲಿಗೆ ಬಂದು ಸೀನಿಯರ್ ಹತ್ರ ಪುಸ್ತಕ ಇಸ್ಕೊಂಡು ಕೂತ್ವಿ.

ಮೊದಲು ಈ ಕಿಟಕಿ ಅಂದ್ರೆ ಏನು ಅಂತ ಹೇಳಿಬಿಡ್ತೀವಿ. ಎರಡು ಹಾಳೆ, ನಡುವೆ ಗಾಳಿ. ಗಾಳಿ ಶಾಖವನ್ನ ಸುಲಭವಾಗಿ ದಾಟಿಸಲ್ಲ, ಅಷ್ಟೇ ಗುಟ್ಟು. ಕ್ಯಾರವಾನಿಗೆ ಹಾಕೋವಾಗ ಸಾಮಾನ್ಯವಾಗಿ ಗಾಜಲ್ಲ, ಅಕ್ರಿಲಿಕ್ ಹಾಕ್ತಾರೆ, ತೂಕ ಕಮ್ಮಿ ಅಂತ. ಜರ್ಮನಿ, ಸ್ವೀಡನ್ನಿನ ಹಿಮದಲ್ಲಿ ಹೀಟರ್ ಹಾಕ್ಕೊಂಡು ಮಲಗೋರಿಗೆ ಇದು ಬೇಕೇ ಬೇಕು. ಹೊರಗೆ ಸೊನ್ನೆಗಿಂತ ಕೆಳಗೆ, ಒಳಗೆ 20 ಡಿಗ್ರಿ. ನಮ್ಮ ಪ್ರಶ್ನೆ ಇಷ್ಟೇ: ಗುಂಡ್ಲುಪೇಟೆಯಲ್ಲಿ ಆ ವ್ಯತ್ಯಾಸ ಎಲ್ಲಿದೆ?

ಬೇಸಿಗೆ ಮಧ್ಯಾಹ್ನ ಹೊರಗೆ 35 ಡಿಗ್ರಿ, ಎಸಿ ಹಾಕಿ ಒಳಗೆ 25 ಇಟ್ಟಿದ್ದೀವಿ ಅಂದ್ಕೊಳ್ಳಿ. ವ್ಯತ್ಯಾಸ 10 ಡಿಗ್ರಿ. ನಾಲ್ಕೂ ಕಿಟಕಿ ಸೇರಿ 2 ಚದರ ಮೀಟರ್. ಒಂದೇ ಗಾಜಾದ್ರೆ ಚದರ ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 5.7 ವ್ಯಾಟ್ ದಾಟುತ್ತೆ, ಎರಡು ಪದರ ಆದ್ರೆ ಸುಮಾರು 2.8. ಅಂದ್ರೆ 114 ವ್ಯಾಟ್ ಬದಲು 56 ವ್ಯಾಟ್. ಉಳಿದಿದ್ದು 58 ವ್ಯಾಟ್. ನಮ್ಮ ರೂಮಿನ ಹಳೇ ಸೀಲಿಂಗ್ ಫ್ಯಾನ್ ಇದಕ್ಕಿಂತ ಜಾಸ್ತಿ ಕರೆಂಟ್ ತಿನ್ನುತ್ತೆ.

ಬಿಸಿಲಿನದು ಇನ್ನೊಂದು ಲೆಕ್ಕ. ಸಂಜೆ ಬಿಸಿಲು ಒಂದು ಕಡೆಯ ಕಿಟಕಿಗಳ ಮೇಲೆ ನೇರ ಬಿದ್ದಾಗ ಪಾರದರ್ಶಕ ಒಂಟಿ ಗಾಜು ನೂರಕ್ಕೆ ಸುಮಾರು 85 ಭಾಗ ಶಾಖ ಒಳಗೆ ಬಿಡುತ್ತೆ. ಎರಡು ಪದರದ್ದು? ಸುಮಾರು 75. ಇಷ್ಟಕ್ಕೆ ಅಷ್ಟು ದುಡ್ಡಾ? ಹೊರಗಡೆಯಿಂದ ಒಂದು ಬಿಳಿ ಶೇಡ್ ಇಳಿಬಿಟ್ರೆ ಬಿಸಿಲು ಗಾಜಿಗೇ ಮುಟ್ಟಲ್ಲ. ಒಳಗಡೆ ಪರದೆ ಹಾಕಿದ್ರೆ ಇಷ್ಟು ಉಪಯೋಗ ಇಲ್ಲ, ಯಾಕಂದ್ರೆ ಶಾಖ ಆಗ್ಲೇ ಒಳಗೆ ಬಂದಾಗಿರುತ್ತೆ. ನಮ್ಮ ಅಜ್ಜಿಯರು ಬಾಗಿಲ ಹೊರಗೆ ಒದ್ದೆ ಗೋಣಿಚೀಲ ನೇತುಹಾಕ್ತಿದ್ದಿದ್ದು ಸುಮ್ನೆ ಅಲ್ಲ.

ನಾವು ಬೆಚ್ಚಿಬಿದ್ದಿದ್ದು ಚಾವಣಿ ಲೆಕ್ಕ ಮಾಡಿದಾಗ. ಟ್ರಾವೆಲರ್ ಚಾವಣಿ ಅಂದಾಜು 9 ಚದರ ಮೀಟರ್ ತಗಡು. ಮಧ್ಯಾಹ್ನ ಅದು ಒಳಗಿನ ಗಾಳಿಗಿಂತ 20 ಡಿಗ್ರಿ ಜಾಸ್ತಿ ಕಾದಿದ್ರೂ ಸಾಕು, ಒಳಗೆ ಸುಮಾರು 1,000 ವ್ಯಾಟ್ ಸುರಿಯುತ್ತೆ. ತಲೆ ಮೇಲೆ ಒಂದು ಇಸ್ತ್ರಿಪೆಟ್ಟಿಗೆ ಆನ್ ಮಾಡಿಟ್ಟ ಹಾಗೆ. ಎಸಿ ಪೈಪಿಗೆ ಸುತ್ತುತ್ತಾರಲ್ಲ, ಆ ಕಪ್ಪು ರಬ್ಬರ್ ಫೋಮ್, ಅದನ್ನ 25 ಮಿ.ಮೀ. ದಪ್ಪಕ್ಕೆ ಅಂಟಿಸಿದ್ರೆ ಇದು ಸುಮಾರು 200 ವ್ಯಾಟಿಗೆ ಇಳಿಯುತ್ತೆ. ಉಳಿತಾಯ 800. ಕಿಟಕಿಯದು 58. ವರ್ಕ್‌ಶಾಪಿನ ಪಟ್ಟಿಯಲ್ಲಿ ಚಾವಣಿಗೆ ಬರೆದಿದ್ದು ಏನು ಗೊತ್ತಾ? "ಒಳಗೆ ಪ್ಲೈವುಡ್, ಎಲ್‌ಇಡಿ ಲೈಟ್". ಅಷ್ಟೇ.

ಚಿಕ್ಕಪ್ಪನ ಎರಡನೇ ವಾದ ಸದ್ದು. ಇದು ಗುಂಡ್ಲುಪೇಟೆಯವರಿಗೆ ಮಾತ್ರ ಅರ್ಥ ಆಗೋ ವಿಷಯ. ಬಂಡೀಪುರದ ಒಳಗೆ ಹೋಗೋ ಎರಡು ಹೆದ್ದಾರಿ, ವಯನಾಡಿನ 766 ಮತ್ತು ಊಟಿಯ 181, ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂದ್. 2009ರಲ್ಲಿ ಶುರುವಾದ ನಿರ್ಬಂಧ, 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಪ್ರಾಣಿಗಳ ದೃಷ್ಟಿಯಿಂದ ಅದು ಇರಲೇಬೇಕು ಅನ್ನೋದು ನಮ್ಮ ಅಭಿಪ್ರಾಯ, ಆ ಜಗಳ ಇಲ್ಲಿ ಬೇಡ. ಆದ್ರೆ ಅದರಿಂದ ಏನಾಗುತ್ತೆ ಅಂದ್ರೆ, ತಡವಾಗಿ ಬಂದೋರೆಲ್ಲ ಈ ಕಡೆನೇ ಮಲಗಬೇಕು. ಮದ್ದೂರು, ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ಕಡೆ ಲಾರಿಗಳ ಸಾಲು. ಬೆಳಗಿನ ಜಾವ ಎಲ್ಲಾ ಒಟ್ಟಿಗೆ ಎಂಜಿನ್ ಸ್ಟಾರ್ಟ್ ಮಾಡ್ತಾವೆ. ಕ್ಯಾರವಾನಿನಲ್ಲಿ ಮಲಗಿದ ಮಗು ಎದ್ದು ಕೂರುತ್ತೆ.

ಎರಡು ಪದರ ಹಾಕಿದ್ರೆ ಸದ್ದು ನಿಲ್ಲುತ್ತೆ ಅಂತ ನಾವೂ ಅಂದ್ಕೊಂಡಿದ್ವಿ. ಆದ್ರೆ ಎರಡು ಹಾಳೆ, ನಡುವೆ ಗಾಳಿ ಅಂದ್ರೆ ಎರಡು ತೂಕ, ನಡುವೆ ಸ್ಪ್ರಿಂಗ್ ಇದ್ದ ಹಾಗೆ. ಅದಕ್ಕೆ ತನ್ನದೇ ಒಂದು ಕಂಪನದ ಲಯ ಇರುತ್ತೆ. 3 ಮಿ.ಮೀ. ಅಕ್ರಿಲಿಕ್, ನಡುವೆ 20 ಮಿ.ಮೀ. ಗಾಳಿ ಅಂತ ಹಾಕಿ ನೋಡಿದ್ವಿ, 300 ಹರ್ಟ್ಜ್ ಚಿಲ್ಲರೆ ಬಂತು. ಆ ಲಯದ ಹತ್ತಿರದ ಸದ್ದನ್ನ ಈ ಕಿಟಕಿ ತಡೆಯೋದಿರ್ಲಿ, ಸಲೀಸಾಗಿ ಒಳಗೆ ಬಿಡುತ್ತೆ. ಅದಕ್ಕಿಂತ ಕೆಳಗೆ ಎರಡು ಪದರಕ್ಕೂ ಒಂದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ, ತೂಕವೊಂದೇ ಲೆಕ್ಕಕ್ಕೆ ಬರೋದು. ಲಾರಿ ಎಂಜಿನ್ನಿನ ಗುಡುಗುಡು ಹೆಚ್ಚಾಗಿ ಇರೋದೇ ಅಲ್ಲಿ. ಹಾರ್ನಿನ ಕೀರಲು ಕಮ್ಮಿ ಆಗಬಹುದು, ಎಂಜಿನ್ ಸದ್ದು ಹೋಗಲ್ಲ. ಗಾಡಿನ ರೋಡಿಂದ ನೂರು ಮೀಟರ್ ಒಳಗೆ, ಯಾರದಾದ್ರೂ ತೋಟದಲ್ಲಿ ಕೇಳ್ಕೊಂಡು ನಿಲ್ಲಿಸೋದು ಬಿಟ್ಟಿ ಪರಿಹಾರ.

ಹಾಗಾದ್ರೆ ಈ ಕಿಟಕಿ ಪೂರ್ತಿ ದಂಡವಾ? ಇಲ್ಲ. ಊಟಿ ಇದೆಯಲ್ಲ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಹುಲ್ಲಿನ ಮೇಲೆ ಮಂಜುಗಡ್ಡೆ ಕೂರುತ್ತೆ. ಒಳಗೂ ಹೊರಗೂ 20 ಡಿಗ್ರಿ ವ್ಯತ್ಯಾಸ ಬಂದ್ರೆ ಉಳಿತಾಯ 116 ವ್ಯಾಟ್. ಮಲಗಿರೋ ಒಬ್ಬ ಮನುಷ್ಯನ ಮೈಶಾಖಕ್ಕಿಂತ ಅದು ಜಾಸ್ತಿ, ಹೀಟರ್ ಇಲ್ಲದ ಗಾಡಿಯಲ್ಲಿ ಅದು ದೊಡ್ಡದೇ. ಗಾಜು ಬೆವರಿ ಹಾಸಿಗೆ ಒದ್ದೆಯಾಗೋದೂ ಕಮ್ಮಿ. ಗುಂಡ್ಲುಪೇಟೆ ಚಳಿಗಾಲದಲ್ಲೂ ನಾಲ್ಕು ಜನ ಕಿಟಕಿ ಮುಚ್ಚಿ ಮಲಗಿದ್ರೆ ಒಂಟಿ ಗಾಜು ಬೆವರುತ್ತೆ, ಆದ್ರೆ ಅಲ್ಲಿ ಎರಡು ಬೆರಳು ಕಿಟಕಿ ತೆಗೆದಿಟ್ರೆ ಮುಗೀತು. ಗೋಪಾಲಸ್ವಾಮಿ ಬೆಟ್ಟದ ಮೇಲೂ ಚಳಿ ಇದೆ ಅಂತೀರಾ? ಅಲ್ಲಿಗೆ ಖಾಸಗಿ ಗಾಡಿ ಬಿಡಲ್ಲ, ಕೆಎಸ್‌ಆರ್‌ಟಿಸಿ ಬಸ್ಸೇ ಗತಿ.

ಊಟಿ ದಾರಿಯಲ್ಲೇ ಇನ್ನೊಂದು ಅಪಾಯ ಇದೆ. ಯಾರೋ ಚಿಕ್ಕಪ್ಪನಿಗೆ "ಕಟ್ಟಡಕ್ಕೆ ಹಾಕೋ ಸೀಲ್ ಮಾಡಿದ ಡಬಲ್ ಗಾಜನ್ನೇ ಹಾಕ್ಸಿ, ಚೀಪಾಗುತ್ತೆ" ಅಂದಿದ್ರಂತೆ. ಗುಂಡ್ಲುಪೇಟೆ ಇರೋದು ಸುಮಾರು 800 ಮೀಟರ್ ಎತ್ತರದಲ್ಲಿ, ಊಟಿ 2,200ಕ್ಕೂ ಮೇಲೆ. ಕೆಳಗಿನ ಗಾಳಿ ಗಾಜಿನ ನಡುವೆ ಸಿಕ್ಕಿಕೊಂಡು ಮೇಲೆ ಹೋದ್ರೆ, ಹೊರಗಿನ ಒತ್ತಡ ಸುಮಾರು 15 ಕಿಲೋಪ್ಯಾಸ್ಕಲ್ ಇಳಿದಿರುತ್ತೆ. ಗಾಜು ಬಗ್ಗದೇ ಹಾಗೇ ನಿಂತ್ರೆ ಅರ್ಧ ಚದರ ಮೀಟರಿನ ಕಿಟಕಿಯನ್ನ ಒಳಗಿಂದ 750 ಕೆಜಿ ತೂಕ ನೂಕಿದ ಹಾಗೆ. ಗಾಜು ಒಂಚೂರು ಉಬ್ಬಿ ಆ ಒತ್ತಡ ಇಳಿಸ್ಕೊಳ್ಳುತ್ತೆ ನಿಜ, ಆದ್ರೆ ಪ್ರತಿ ವಾರ ಹತ್ತಿ ಇಳಿದು, ಘಾಟಿಯಲ್ಲಿ ಕುಲುಕಾಡಿದ್ರೆ ಸೀಲ್ ಎಷ್ಟು ದಿನ? ಸೀಲ್ ಹೋದ್ರೆ ನಡುವೆ ತೇವ ಸೇರಿ ಗಾಜು ಮಬ್ಬಾಗುತ್ತೆ, ಒರೆಸೋಕೂ ಆಗಲ್ಲ.

ಇನ್ನು ಅಕ್ರಿಲಿಕ್ಕಿಗೆ ಗೀಚು ಬೀಳುತ್ತೆ. ನಮ್ಮ ಕಡೆ ಧೂಳನ್ನ ಒಣ ಬಟ್ಟೆಯಲ್ಲಿ ಒರೆಸೋ ಕ್ಲೀನರ್ ಹುಡುಗರ ಕೈಗೆ ಸಿಕ್ಕಿದ್ರೆ ವರ್ಷ ತುಂಬೋದ್ರಲ್ಲಿ ಹೊರಗಿನದು ಕಾಣಲ್ಲ. ಒಡೆದ್ರೆ ಟ್ರಾವೆಲರಿನ ಮಾಮೂಲಿ ಗಾಜು ಮೈಸೂರಲ್ಲಿ ಸಿಗುತ್ತೆ, ಇದು ಎಲ್ಲಿಂದ ತರಿಸೋದು? ಗಾಡಿ ಬಾಡಿ ಹೀಗೆ ಬದಲಾಯಿಸೋಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಅನುಮತಿ ಬೇಕು ಅನ್ನೋದನ್ನೂ ಚಿಕ್ಕಪ್ಪನಿಗೆ ನೆನಪು ಮಾಡಿದ್ವಿ.

ಕೊನೆಗೆ ನಾವು ಬರೆದುಕೊಟ್ಟಿದ್ದು: ಮೊದಲು ಚಾವಣಿಗೆ ಫೋಮ್, ಮೇಲೆ ಬಿಳಿ ಬಣ್ಣ. ಎಲ್ಲಾ ಕಿಟಕಿಗೂ ಸೊಳ್ಳೆ ಜಾಲರಿ, ಹೊರಗೆ ಶೇಡ್. ಹಾಸಿಗೆ ಪಕ್ಕದ ಎರಡಕ್ಕೆ ಮಾತ್ರ, ಅದೂ ಚಳಿಗಾಲದಲ್ಲಿ ಊಟಿ ಬುಕಿಂಗ್ ನಿಜವಾಗ್ಲೂ ಬಂದ್ರೆ ಮುಂದಿನ ವರ್ಷ, ಡಬಲ್ ಅಕ್ರಿಲಿಕ್.

ಚಿಕ್ಕಪ್ಪ ಹಾಳೆನ ಎರಡು ಸಲ ಓದಿದ್ರು. "ಲೆಕ್ಕ ಸರಿ ಕನ್ರಪ್ಪ. ಆದ್ರೆ ಬುಕ್ ಮಾಡೋರು ಮೊದ್ಲು ಫೋಟೋ ನೋಡ್ತಾರೆ. ಡಬಲ್ ಕಿಟಕಿ ಫೋಟೋದಲ್ಲಿ ಕಾಣ್ತದೆ, ಫೋಮು ಕಾಣಕಿಲ್ವಲ್ಲ?"

ಇದಕ್ಕೆ ಸೀನಿಯರ್ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಸದ್ಯಕ್ಕೆ ಫೋಮ್ ಆರ್ಡರ್ ಆಗಿದೆ, ಕಿಟಕಿ ವಿಷಯ ಚಿಕ್ಕಮ್ಮನ ಹತ್ರ ಪೆಂಡಿಂಗ್ ಇದೆ. ಚೆಂಡು ಹೂವು ಬಿಡೋ ಹೊತ್ತಿಗೆ ಗಾಡಿ ರೆಡಿ ಆಗುತ್ತಂತೆ. ಎರಡು ಥರ್ಮಾಮೀಟರ್ ತಗೊಂಡು ನಾವು ನಾಲ್ಕೂ ಜನ ಹೋಗ್ತಿದ್ದೀವಿ, ಲ್ಯಾಬಿಂದ ಕೊಡಿಸೋರು ಯಾರಾದ್ರೂ ಇದ್ರೆ ಕ್ಲಬ್ಬಿಗೆ ಹೇಳಿ.